ನಮ್ಮ ಬೀದಿಯನ್ನು ಬದಲಿಸುವಾಗ ನಮ್ಮನ್ನು ಕೇಳಬೇಕಲ್ಲವೇ?

ಈ ಅಂಕಣಕ್ಕೆ ಇತ್ತೀಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ರಸ್ತೆಗೆ ಸಂಬಂಧಿಸಿದವು. ಗುಂಡಿ, ದೂಳು, ಬೀದಿದೀಪಗಳ ದೂರುಗಳನ್ನು ಸದ್ಯಕ್ಕೆ ಬದಿಗಿರಿಸಿ, ಇರುವ ರಸ್ತೆಯ ಸ್ವರೂಪವನ್ನೇ ಬದಲಿಸುವ ಪ್ರಸ್ತಾವಗಳ ಬಗ್ಗೆ ಬಂದ ಪತ್ರಗಳನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಬರೆದವರ ಕೋರಿಕೆಯಂತೆ ಹೆಸರನ್ನೂ ಊರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮದು ಹಳೆ ಮೈಸೂರು ಭಾಗದ ಜಿಲ್ಲಾ ಕೇಂದ್ರವೊಂದರ ಹಳೆಯ ಬಡಾವಣೆ. ಮನೆಗಳ ಮುಂದಿನ ರಸ್ತೆ 40 ಅಡಿಯದೆಂದು ನಮ್ಮೆಲ್ಲರ ಕ್ರಯಪತ್ರಗಳ ಚಕ್ಕುಬಂದಿಯಲ್ಲಿ ಬರೆದಿದೆ. ಈಚೆಗೆ ಇಬ್ಬರು ಬಂದು ಟೇಪು ಹಿಡಿದು ಅಳೆದು, ಕಾಂಪೌಂಡ್ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ರಸ್ತೆಯನ್ನು 60 ಅಡಿಗೆ ವಿಸ್ತರಿಸಲಾಗುವುದೆಂದು ಬಾಯಿಮಾತಿನಲ್ಲಿ ಹೇಳುತ್ತಿದ್ದಾರೆ. ಯಾರಿಗೂ ನೋಟಿಸ್ ಬಂದಿಲ್ಲ. ಕಚೇರಿಯಲ್ಲಿ ವಿಚಾರಿಸಿದರೆ, ‘ಮಾಸ್ಟರ್ ಪ್ಲಾನ್‌ನಲ್ಲಿ ಇದೆ, ನೀವೇ ಒತ್ತುವರಿ ಮಾಡಿದ್ದೀರಿ’ ಎನ್ನುತ್ತಾರೆ. ಕೆಲವು ಮನೆಗಳವರಿಂದ ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಪಡೆದಿದ್ದಾರೆ. ನಾವು ಏನು ಮಾಡಬೇಕು? ರಸ್ತೆ ಅಗಲೀಕರಣವನ್ನು ವಿರೋಧಿಸುವ ಹಕ್ಕು ನಮಗಿದೆಯೇ?

ಉತ್ತರ: ಗೋಡೆಯ ಮೇಲಿನ ಕೆಂಪು ಗುರುತಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ. ಅದು ಅಳತೆಗೆ ಬಂದವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಟಿಪ್ಪಣಿಯೇ ಹೊರತು ನೋಟಿಸ್ ಅಲ್ಲ, ಆದೇಶವಂತೂ ಅಲ್ಲವೇ ಅಲ್ಲ. ಹಾಗೆಂದು ಅದನ್ನು ಕಡೆಗಣಿಸಿ ಕೂರುವುದೂ ಸರಿಯಲ್ಲ. ಯಾವುದೋ ಮೇಜಿನ ಮೇಲೆ ಕಡತವೊಂದು ಚಲಿಸುತ್ತಿದೆ ಎಂಬುದಕ್ಕೆ ಅದೇ ಸೂಚನೆ, ಮತ್ತು ಕಡತ ಚಲಿಸುತ್ತಿರುವಾಗ ಆಡಿದ ಮಾತಿಗೆ ಇರುವ ತೂಕ ಜೆಸಿಬಿ ಬಂದು ನಿಂತ ಮೇಲೆ ಆಡುವ ಮಾತಿಗೆ ಇರುವುದಿಲ್ಲ.

ನಿಮಗೆ ಸಿಕ್ಕಿರುವ ಉತ್ತರದಲ್ಲಿ ಒಂದಕ್ಕೊಂದು ಹೊಂದದ ಎರಡು ವಾದಗಳು ಬೆರೆತುಹೋಗಿವೆ. ‘ನೀವು ಒತ್ತುವರಿ ಮಾಡಿದ್ದೀರಿ’ ಎಂದರೆ ರಸ್ತೆ ಮೊದಲಿನಿಂದಲೂ 60 ಅಡಿ ಇತ್ತು, ನೀವು ಅದರೊಳಕ್ಕೆ ಬಂದು ಗೋಡೆ ಕಟ್ಟಿದ್ದೀರಿ ಎಂದರ್ಥ. ‘ಮಾಸ್ಟರ್ ಪ್ಲಾನ್‌ನಲ್ಲಿ 60 ಅಡಿ ಇದೆ’ ಎಂದರೆ ರಸ್ತೆ ಇಂದು 40 ಅಡಿಯೇ ಇದೆ, ಮುಂದೆ 60 ಅಡಿ ಆಗಬೇಕೆಂಬ ಉದ್ದೇಶವಿದೆ ಎಂದರ್ಥ. ಮೊದಲನೆಯದು ನಿಜವಾದರೆ ಪರಿಹಾರದ ಮಾತೇ ಬರುವುದಿಲ್ಲ. ಎರಡನೆಯದು ನಿಜವಾದರೆ ಆ ಹೆಚ್ಚುವರಿ ಜಾಗ ಈ ಕ್ಷಣದವರೆಗೂ ನಿಮ್ಮದೇ ಆಗಿದ್ದು, ಅದನ್ನು ಪಡೆಯಲು ಪಾಲಿಕೆ ಕಾನೂನಿನ ದಾರಿಯಲ್ಲಿ ಬರಬೇಕು. ಮಾಸ್ಟರ್ ಪ್ಲಾನ್ ಎಂಬ ಮಹಾಯೋಜನೆಯ ನಕ್ಷೆಯಲ್ಲಿ ಎಳೆದ ಗೆರೆಯು ಭೂಮಿಯ ಬಳಕೆಯನ್ನು ನಿರ್ದೇಶಿಸುತ್ತದೆಯೇ ವಿನಾ ಮಾಲೀಕತ್ವವನ್ನು ವರ್ಗಾಯಿಸುವುದಿಲ್ಲ. ಆದ್ದರಿಂದ ನೀವು ಲಿಖಿತವಾಗಿ ಕೇಳಬೇಕಾದ ಮೊದಲ ಪ್ರಶ್ನೆ, ಈ ಎರಡರಲ್ಲಿ ನಿಮ್ಮ ವಾದ ಯಾವುದು ಎಂಬುದೇ. ಅನೇಕ ಕಡೆ ಈ ಒಂದು ಪ್ರಶ್ನೆಗೆ ಉತ್ತರ ಸಿದ್ಧವಾಗದೆ ಕಡತ ನಿಂತುಬಿಡುತ್ತದೆ.

ಇದೇ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ನೀಡಿದ ತೀರ್ಪೊಂದು ನಿಮ್ಮ ಕೈಯಲ್ಲಿರಬೇಕು. ಉತ್ತರ ಪ್ರದೇಶದ ಮಹಾರಾಜಗಂಜ್ ಎಂಬಲ್ಲಿ 2019ರಲ್ಲಿ ಹೆದ್ದಾರಿ ವಿಸ್ತರಣೆಯ ಹೆಸರಿನಲ್ಲಿ ಪತ್ರಕರ್ತರೊಬ್ಬರ ಪಿತ್ರಾರ್ಜಿತ ಮನೆಯನ್ನು ಕೆಡವಲಾಗಿತ್ತು. ಆಡಳಿತದ ಲೆಕ್ಕದಲ್ಲೇ ಒತ್ತುವರಿ 3.70 ಮೀಟರ್ ಇದ್ದರೆ, ಕೆಡವಿದ್ದು 5ರಿಂದ 8 ಮೀಟರ್. ನೋಟಿಸ್ ಕೊಟ್ಟಿರಲಿಲ್ಲ; ಡಂಗುರ ಸಾರಿದ್ದೇವೆ ಎಂಬುದಷ್ಟೇ ಸಮರ್ಥನೆಯಾಗಿತ್ತು. ನ್ಯಾಯಾಲಯ ಅದನ್ನು ಒಪ್ಪದೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿದ್ದಲ್ಲದೆ, ರಸ್ತೆ ವಿಸ್ತರಣೆಗೆ ಹೊರಟ ಯಾವುದೇ ರಾಜ್ಯ ಅಥವಾ ಅದರ ಸಂಸ್ಥೆ ಅನುಸರಿಸಬೇಕಾದ ಕ್ರಮವನ್ನು ಹೇಳಿತು. ಅದರ ಪ್ರಕಾರ, ಮೊದಲು ದಾಖಲೆ ಮತ್ತು ನಕ್ಷೆಗಳಿಂದ ರಸ್ತೆಯ ಈಗಿನ ಅಗಲವನ್ನು ಖಚಿತಪಡಿಸಿಕೊಳ್ಳಬೇಕು. ಆ ದಾಖಲೆಗೆ ಅನುಗುಣವಾಗಿ ಮೋಜಣಿ ನಡೆಸಿ ಒತ್ತುವರಿ ಇದೆಯೇ ಎಂದು ನೋಡಬೇಕು. ಇದ್ದರೆ ಸರಿಯಾದ ಲಿಖಿತ ನೋಟಿಸ್ ಕೊಡಬೇಕು. ಆಕ್ಷೇಪ ಬಂದರೆ ಕಾರಣಗಳನ್ನು ಬರೆದು ತೀರ್ಮಾನಿಸಬೇಕು. ಆಕ್ಷೇಪ ತಿರಸ್ಕೃತವಾದರೂ ತಾವೇ ತೆರವು ಮಾಡಿಕೊಳ್ಳಲು ಸಾಕಷ್ಟು ಸಮಯ ಕೊಡಬೇಕು. ಇರುವ ಅಗಲ ಮತ್ತು ಪಕ್ಕದ ಸರ್ಕಾರಿ ಜಾಗ ಸೇರಿಯೂ ಸಾಲದಿದ್ದರೆ ಕಾನೂನಿನ ಪ್ರಕಾರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಬೇಕು. ತೀರ್ಪಿನ ಪ್ರತಿಯನ್ನು ಎಲ್ಲ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಕಳಿಸುವಂತೆಯೂ ಹೇಳಿರುವುದರಿಂದ ಅದು ಕೇವಲ ಉತ್ತರ ಪ್ರದೇಶದ ಸಂಗತಿಯಲ್ಲ. ನಿಮ್ಮ ಆಕ್ಷೇಪಣೆಯ ಮೊದಲ ಪುಟದಲ್ಲೇ ಈ ತೀರ್ಪನ್ನು ಉಲ್ಲೇಖಿಸಿ.

ಇನ್ನು ನಿಮ್ಮ ಕಡೆಯ ದಾಖಲೆಗಳು. ಕ್ರಯಪತ್ರದ ಚಕ್ಕುಬಂದಿ ಒಳ್ಳೆಯ ಸಾಕ್ಷ್ಯವೇ, ಆದರೆ ಅದಕ್ಕಿಂತ ಗಟ್ಟಿಯಾದದ್ದು ಬಡಾವಣೆಗೆ ಅನುಮೋದನೆ ಕೊಟ್ಟಾಗಿನ ಮೂಲ ನಕ್ಷೆ. ಕ್ರಯಪತ್ರವನ್ನು ಬರೆಸಿಕೊಂಡವರು ನೀವು. ನಕ್ಷೆಗೆ ಮುದ್ರೆ ಒತ್ತಿದವರು ಪ್ರಾಧಿಕಾರದವರು. ಅದರ ದೃಢೀಕೃತ ಪ್ರತಿಯನ್ನು ಪಡೆದುಕೊಳ್ಳಿ. ಅದರ ಜೊತೆಗೆ, ಹೇಳಲು ಅಷ್ಟು ಹಿತವಲ್ಲದ ಮಾತೊಂದಿದೆ: ನಮ್ಮ ಹಳೆಯ ಬಡಾವಣೆಗಳಲ್ಲಿ ಚರಂಡಿಯ ಮೇಲೆ ಕಟ್ಟಿದ ಮೆಟ್ಟಿಲು, ಕಾರು ಏರಿಸಲು ಹಾಕಿದ ಇಳಿಜಾರು, ಗೋಡೆಯಾಚೆ ಬೆಳೆಸಿದ ಹೂಗಿಡಗಳ ಬೇಲಿ, ಇವು ಇಲ್ಲದ ಮನೆ ಅಪರೂಪ. ಇವೆಲ್ಲ ನಿಜವಾಗಿಯೂ ಒತ್ತುವರಿ. ಸರ್ವೇಯರ್ ಬರುವ ಮೊದಲು ನೀವೇ ಅವುಗಳನ್ನು ತೆಗೆದುಬಿಟ್ಟರೆ, ರಸ್ತೆಗೆ ಹಲವು ಅಡಿ ಹಾಗೆಯೇ ಸಿಗುತ್ತದೆ, ನಿಮ್ಮ ವಾದಕ್ಕೂ ನೈತಿಕ ಬಲ ಬರುತ್ತದೆ.

ಒಪ್ಪಿಗೆ ಪತ್ರದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಅದರಲ್ಲಿ ಏನು ಬರೆದಿದೆ ಎಂದು ಸಹಿ ಹಾಕಿದವರಲ್ಲಿ ಎಷ್ಟು ಮಂದಿ ಓದಿದ್ದಾರೆ? ಸಾಮಾನ್ಯವಾಗಿ ಇಂಥ ಪತ್ರಗಳಲ್ಲಿ ಜಾಗವನ್ನು ಹಣದ ಪರಿಹಾರವಿಲ್ಲದೆ ಬಿಟ್ಟುಕೊಡುತ್ತೇನೆ ಎಂಬ ವಾಕ್ಯವಿರುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಬಿ ಪ್ರಕರಣದಲ್ಲಿ, ಹೀಗೆ ಉಚಿತವಾಗಿ ಜಾಗ ಬಿಟ್ಟುಕೊಟ್ಟವರಿಗೆ ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ ಕೊಡುವ ವ್ಯವಸ್ಥೆಯಿದೆ. ಜನರ ಬಾಯಲ್ಲಿ ಅದು ಟಿಡಿಆರ್. ಆ ಪತ್ರದ ಬಲದಿಂದ ನೀವು ಉಳಿದ ಜಾಗದಲ್ಲಿ ಹೆಚ್ಚು ಕಟ್ಟಬಹುದು, ಇಲ್ಲವೇ ಬೇರೊಬ್ಬರಿಗೆ ಮಾರಬಹುದು. ಆದರೆ ಮೂವತ್ತು ಅಡಿ ಅಗಲದ ನಿವೇಶನದ ಮುಂಭಾಗದಲ್ಲಿ ಹತ್ತು ಅಡಿ ಕಳೆದುಕೊಂಡ ನಿವೃತ್ತ ದಂಪತಿ ಮೇಲೆ ಇನ್ನೊಂದು ಮಹಡಿ ಕಟ್ಟಿ ಏನು ಮಾಡಬೇಕು? ಕೊಳ್ಳುವ ಬಿಲ್ಡರ್ ಸಿಗುವ ಊರಿನಲ್ಲಿ ಮಾತ್ರ ಆ ಕಾಗದಕ್ಕೆ ಬೆಲೆ. ಬೆಂಗಳೂರಿನಲ್ಲಿ ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗಳ ವಿಸ್ತರಣೆಗಾಗಿ ಅರಮನೆ ಮೈದಾನದ ಸುಮಾರು 15 ಎಕರೆ ಜಾಗಕ್ಕೆ ಎಷ್ಟು ಟಿಡಿಆರ್ ಕೊಡಬೇಕೆಂಬ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಅದರ ಮೌಲ್ಯ ಮೂರು ಸಾವಿರ ಕೋಟಿ ರೂಪಾಯಿ ದಾಟಿತೆಂದು ಸರ್ಕಾರವೇ ಬೆಚ್ಚಿ ಹೊಸ ಶಾಸನಕ್ಕೆ ಮುಂದಾದದ್ದನ್ನು ಓದುಗರು ಬಲ್ಲರು. ಅರಮನೆಯವರ ಜಾಗಕ್ಕೇ ಲೆಕ್ಕ ಇತ್ಯರ್ಥವಾಗುವುದು ಇಷ್ಟು ಕಷ್ಟವಾದರೆ, ಸಾಮಾನ್ಯರ ಪಾಡು ಊಹಿಸಬಹುದು.

ಇದಕ್ಕೆ ಬದಲಾಗಿ 2013ರ ಭೂಸ್ವಾಧೀನ ಕಾಯ್ದೆಯಡಿ ಜಾಗ ಪಡೆದರೆ, ನಗರ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆ ಮತ್ತು ಅದಕ್ಕೆ ಸಮನಾದ ಸಾಂತ್ವನ ಮೊತ್ತ ಸೇರಿ ಹೆಚ್ಚುಕಡಿಮೆ ಎರಡರಷ್ಟು ಪರಿಹಾರ ಸಿಗಬೇಕು. ಕಟ್ಟಡ, ಮರಗಳ ಬೆಲೆಯೂ ಅದಕ್ಕೆ ಸೇರುತ್ತದೆ. ಪಾಲಿಕೆಗಳು ಟಿಡಿಆರ್ ಕಡೆಗೆ ವಾಲುವುದು ಏಕೆಂದು ಇದರಿಂದ ಅರ್ಥವಾಗುತ್ತದೆ. ಟಿಡಿಆರ್ ಪಡೆಯಲು ಒಪ್ಪಬೇಕೋ ಬೇಡವೋ ಎಂಬುದು ಮಾಲೀಕರ ಆಯ್ಕೆಯಾಗಿದ್ದು, ಒಪ್ಪದಿದ್ದರೆ ಮನೆ ಕೆಡವುತ್ತೇವೆ ಎಂಬ ಮಾತಿಗೆ ಆಧಾರವಿಲ್ಲ. ಈಗಾಗಲೇ ಸಹಿ ಹಾಕಿದವರು, ಪೂರ್ಣ ಮಾಹಿತಿ ಕೊಡದೆ ಸಹಿ ಪಡೆಯಲಾಗಿದೆ, ಆದ್ದರಿಂದ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ ಎಂದು ಕೂಡಲೇ ಲಿಖಿತವಾಗಿ ತಿಳಿಸಲಿ. ನೋಂದಾಯಿತ ಪತ್ರವಾಗುವ ಮೊದಲು ಇದನ್ನು ಮಾಡಬೇಕು. ಆಮೇಲೆ ವಕೀಲರ ನೆರವಿಲ್ಲದೆ ಆಗದು.

ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಹಾಕಿ. 10 ರೂಪಾಯಿ ಶುಲ್ಕ, 30 ದಿನಗಳ ಗಡುವು ಎಲ್ಲರಿಗೂ ಗೊತ್ತು. ಆದರೆ ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂದಿದೆ. ಬಡಾವಣೆಯ ಸಂಘದವರು ಉದ್ದನೆಯ ದೂರನ್ನೇ ಅರ್ಜಿಯೆಂದು ಕೊಟ್ಟು ತಿರಸ್ಕಾರಕ್ಕೆ ಒಳಗಾಗುವುದು ಸಾಮಾನ್ಯ. ಆದ್ದರಿಂದ ಬೇರೆ ಬೇರೆ ಮನೆಯವರು ಬೇರೆ ಬೇರೆ ಅರ್ಜಿ ಹಾಕಿ. ಒಬ್ಬರು ವಿವರವಾದ ಯೋಜನಾ ವರದಿಯನ್ನು ಕೇಳಲಿ, ಇನ್ನೊಬ್ಬರು ರಸ್ತೆಯ ಅಡ್ಡಸೀಳಿನ ವಿನ್ಯಾಸ ನಕ್ಷೆಯನ್ನು, ಮತ್ತೊಬ್ಬರು ವಾಹನ ಗಣತಿಯನ್ನು, ಮಗದೊಬ್ಬರು ಆಡಳಿತಾತ್ಮಕ ಅನುಮೋದನೆಯ ಆದೇಶವನ್ನು. ‘ಏಕೆ’, ‘ಹೇಗೆ’ ಎಂದು ಕೇಳಬೇಡಿ. ದಾಖಲೆಯ ಪ್ರತಿ ಕೇಳಿ. ಜನರ ಮೇಲೆ ಪರಿಣಾಮ ಬೀರುವ ಮುಖ್ಯ ತೀರ್ಮಾನಗಳ ಸಂಗತಿಗಳನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕೆಂದು ಅದೇ ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆ ಎಂಬುದನ್ನೂ ಅರ್ಜಿಯ ಕೊನೆಯಲ್ಲಿ ನೆನಪಿಸಬಹುದು.

ವಾಹನ ಗಣತಿಯ ದಾಖಲೆ ಸಿಕ್ಕಿದಾಗ ಒಂದು ಸಂಗತಿಯನ್ನು ಗಮನಿಸಿ. ರಸ್ತೆಯ ಸಾಮರ್ಥ್ಯವನ್ನು ನಿರ್ಧರಿಸುವುದು ಅದರ ಮಧ್ಯಭಾಗದ ಅಗಲವಲ್ಲ, ಎರಡು ತುದಿಗಳ ಸರ್ಕಲ್‌ಗಳು. ನಿಮ್ಮ ಬೀದಿ 60 ಅಡಿಯಾಗಿ, ಅದು ಸೇರುವ ರಸ್ತೆ 40 ಅಡಿಯೇ ಉಳಿದರೆ, ಇಂದು ನಿಮ್ಮ ಮನೆ ಮುಂದೆ ನಿಲ್ಲುವ ವಾಹನಗಳು ನಾಳೆ ಸರ್ಕಲ್ಲಿನಲ್ಲಿ ನಿಲ್ಲುತ್ತವೆ. ಅಗಲವಾದ ಜಾಗವು ವಾಹನ ಸಂಚಾರಕ್ಕೆ ಬದಲು ವಾಹನ ನಿಲುಗಡೆಗೆ ಹೋಗುವುದನ್ನು ಕರ್ನಾಟಕದ ಯಾವ ಊರಿನಲ್ಲಾದರೂ ಕಾಣಬಹುದು. ಈ ಅಂಕಣಕಾರನ ಅಭಿಪ್ರಾಯದಲ್ಲಿ, ‘ನಮಗೆ ಅಗಲೀಕರಣ ಬೇಡ’ ಎಂಬ ಒಂದು ಸಾಲಿನ ಆಕ್ಷೇಪಕ್ಕಿಂತ, ‘ಇರುವ 40 ಅಡಿಯಲ್ಲೇ ಎರಡೂ ಬದಿ ನಡೆದಾಡುವ ಜಾಗ, ಒಂದು ಬದಿ ಮಾತ್ರ ನಿಲುಗಡೆ, ಸರ್ಕಲ್ಲಿನ ಮೂಲೆಯಲ್ಲಿ ತಿರುವಿನ ಸುಧಾರಣೆ ಮಾಡಿ’ ಎಂದು ನಕ್ಷೆ ಸಮೇತ ಕೊಟ್ಟ ಮನವಿಗೆ ಹೆಚ್ಚು ತೂಕವಿದೆ. ಕೈಯಲ್ಲಿ ಬದಲಿ ವಿನ್ಯಾಸ ಹಿಡಿದು ಬಂದವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆಯುವುದು ಕಷ್ಟ.

ಮನವಿಯನ್ನು ಆಯುಕ್ತರಿಗೆ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಎಂಜಿನಿಯರರ ಕೈಗೆ ಕೊಟ್ಟು ಬಂದ ಮನವಿ ಕೊಡದ ಮನವಿಗೆ ಸಮ. ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ, ಮೊದಲು ನೀವು ಆಡಳಿತದ ಬಾಗಿಲು ತಟ್ಟಿದ್ದಿರಿ ಎಂಬುದಕ್ಕೆ ಆ ಮುದ್ರೆಯೇ ಸಾಕ್ಷಿ. ಒಮ್ಮೆ ಘೋಷಿಸಿದ ಯೋಜನೆ ಹಿಂದಕ್ಕೆ ಹೋಗುವುದೇ ಇಲ್ಲವೆಂಬ ನಿರಾಶೆಯೂ ಬೇಡ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು 812 ಮರಗಳನ್ನು ಕಡಿಯಬೇಕಾಗಿದ್ದಾಗ, 2016ರ ಅಕ್ಟೋಬರ್‌ನಲ್ಲಿ ನಾಗರಿಕರು ಮಾನವ ಸರಪಳಿ ರಚಿಸಿದರು, ಹಸಿರು ನ್ಯಾಯಮಂಡಳಿಯಿಂದ ತಡೆ ಬಂತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅಲ್ಲಿ ಬೀದಿಯ ಪ್ರತಿಭಟನೆಯಷ್ಟೇ ಕಾಗದದ ಹೋರಾಟವೂ ನಡೆದಿತ್ತು ಎಂಬುದು ಗಮನಾರ್ಹ.

ಪ್ರಶ್ನೆ: ನಮ್ಮ ರಸ್ತೆಯ ಇಕ್ಕೆಲಗಳಲ್ಲಿ ಹೊಂಗೆ ಮತ್ತು ಮಳೆಮರಗಳಿವೆ. ಕಾಮಗಾರಿಗಾಗಿ ಅವುಗಳನ್ನು ಕಡಿಯುತ್ತಾರಂತೆ. ಸಾರ್ವಜನಿಕರಿಗೆ ತಿಳಿಸದೆ ಕಡಿಯಬಹುದೇ?

ಉತ್ತರ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ, ಮರ ಸರ್ಕಾರದ್ದಾಗಲಿ ಖಾಸಗಿಯವರದ್ದಾಗಲಿ, ವೃಕ್ಷಾಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ತೆಂಗು, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನೀವು ಹೆಸರಿಸಿದ ಮರಗಳು ಆ ಗುಂಪಿನವಲ್ಲ. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ತೆಗೆಯುವುದಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು.

ತೊಡಕು ಇರುವುದೇ ಈ ಸಂಖ್ಯೆಯಲ್ಲಿ. 49 ಮರಗಳಿದ್ದರೆ ಪ್ರಕಟಣೆಯ ಕಡ್ಡಾಯವಿಲ್ಲ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ ವಿಸ್ತರಣೆಗಾಗಿ 40 ಮರಗಳನ್ನು ಉರುಳಿಸಿದಾಗ ಊರಿನ ಜನ ರಸ್ತೆಗಿಳಿದದ್ದು ಮರಗಳು ಹೋದ ಮೇಲೆ. ಆದ್ದರಿಂದ ಪ್ರಕಟಣೆಗಾಗಿ ಕಾಯಬೇಡಿ. ನೀವೇ ಮರಗಳನ್ನು ಎಣಿಸಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು, ಎದೆಮಟ್ಟದ ಸುತ್ತಳತೆ ಬರೆದು, ಚಿತ್ರ ತೆಗೆದು, ಆ ಪಟ್ಟಿಯನ್ನು ವೃಕ್ಷಾಧಿಕಾರಿಗೆ ಮೊದಲೇ ತಲುಪಿಸಿ, ಈ ಮರಗಳ ಬಗ್ಗೆ ಅರ್ಜಿ ಬಂದರೆ ನಮ್ಮನ್ನು ಕೇಳಿಯೇ ತೀರ್ಮಾನಿಸಬೇಕೆಂದು ಕೋರಿ. ಒಂದೇ ದೊಡ್ಡ ಕಾಮಗಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಐವತ್ತಕ್ಕಿಂತ ಕಡಿಮೆ ಮರ ತೋರಿಸಿದರೆ ಅದನ್ನು ಪ್ರಶ್ನಿಸಲು ಈ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ. ‘ಬದಲಿಗೆ ಹತ್ತು ಸಸಿ ನೆಡುತ್ತೇವೆ’ ಎಂಬ ಭರವಸೆ ಸಿಕ್ಕಿದರೆ, ಎಲ್ಲಿ ಎಂದು ಕೇಳಿ. ಹತ್ತು ಕಿಲೋಮೀಟರ್ ಆಚೆಯ ವರ್ತುಲ ರಸ್ತೆಯಲ್ಲಿ ನೆಟ್ಟ ಸಸಿ ನಿಮ್ಮ ಬೀದಿಗೆ ನೆರಳು ಕೊಡದು.

ಪ್ರಶ್ನೆ: ನಾನು ಉತ್ತರ ಕರ್ನಾಟಕದ ನಗರವೊಂದರ ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದೇನೆ. ಬೀದಿಗೆ ಕಲ್ಲುಹಾಸು ಹಾಕಿ, ವಾಹನ ಸಂಚಾರ ನಿಲ್ಲಿಸಿ, ನಡೆದಾಡುವವರಿಗೆ ಮಾತ್ರ ಬಿಡುವ ಯೋಜನೆ ಬಂದಿದೆ. ಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿಗಳು ಬರುವುದಿಲ್ಲವೆಂದು ವರ್ತಕರೆಲ್ಲ ಭಯಪಟ್ಟಿದ್ದೇವೆ. ಇದನ್ನು ತಡೆಯಲು ಸಾಧ್ಯವೇ?

ಉತ್ತರ: ತಡೆಯುವುದಕ್ಕಿಂತ ಪರೀಕ್ಷಿಸುವಂತೆ ಕೇಳುವುದು ಲೇಸು, ಮತ್ತು ಅದಕ್ಕೆ ಕಾನೂನಿನಲ್ಲೇ ದಾರಿಯಿದೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಪ್ರಕರಣದಡಿ, ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ವಾಹನಗಳನ್ನು ನಿಷೇಧಿಸುವ ಅಥವಾ ನಿರ್ಬಂಧಿಸುವ ಅಧಿಕಾರ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ಇದೆ. ಸಾಮಾನ್ಯವಾಗಿ ಇದಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕು. ಆದರೆ ನಿರ್ಬಂಧ ಒಂದು ತಿಂಗಳಿಗೆ ಮೀರದಿದ್ದರೆ ಅಧಿಸೂಚನೆ ಬೇಡ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಅಂದರೆ ಒಂದು ತಿಂಗಳ ಪ್ರಯೋಗಕ್ಕೆ ಕಾಯ್ದೆ ತಾನೇ ಅವಕಾಶ ಕೊಟ್ಟಿದೆ. ಕಲ್ಲುಹಾಸಿಗೆ ಕೋಟಿಗಟ್ಟಲೆ ಸುರಿಯುವ ಮೊದಲು, ಬ್ಯಾರಿಕೇಡ್ ಮಾತ್ರ ಇಟ್ಟು, ಹಬ್ಬದ ವ್ಯಾಪಾರವಿಲ್ಲದ ಒಂದು ತಿಂಗಳನ್ನು ಆರಿಸಿ ನೋಡೋಣವೆಂದು ವರ್ತಕರ ಸಂಘದಿಂದ ಬರೆಯಿರಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ 2021ರ ಫೆಬ್ರುವರಿಯವರೆಗೆ ವಾರಾಂತ್ಯಗಳಲ್ಲಿ ಮಾತ್ರ ವಾಹನಗಳನ್ನು ನಿಲ್ಲಿಸಿ ನೋಡಿದ್ದು ಇಂಥದೇ ಪ್ರಯೋಗ.

ಆ ತಿಂಗಳಲ್ಲಿ ನೀವು ನಿಮ್ಮ ಲೆಕ್ಕವನ್ನೂ ಇಡಬೇಕು. ಅಂಗಡಿಗೆ ಬಂದವರು ಬಸ್ಸಿನಲ್ಲಿ ಬಂದರೋ, ಆಟೋದಲ್ಲೋ, ನಡೆದೋ, ಸ್ವಂತ ವಾಹನದಲ್ಲೋ ಎಂದು ಬಿಲ್ ಹಾಕುವಾಗ ಕೇಳಿ ಬರೆದುಕೊಳ್ಳಿ. ಪೇಟೆ ಬೀದಿಗಳಲ್ಲಿ ಅಂಗಡಿಯ ಮುಂದೆ ದಿನವಿಡೀ ನಿಂತಿರುವ ವಾಹನಗಳಲ್ಲಿ ಗಿರಾಕಿಗಳದ್ದು ಎಷ್ಟು, ಅಂಗಡಿಯ ಮಾಲೀಕರದ್ದೂ ಕೆಲಸದವರದ್ದೂ ಎಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಎಣಿಸಿದರೆ ನಿಮ್ಮ ಭಯದ ಒಂದು ಭಾಗ ಕರಗಲೂಬಹುದು. ಕರಗದಿದ್ದರೆ, ಅಂಕಿಅಂಶ ಸಮೇತ ವಿರೋಧಿಸಲು ನಿಮಗೆ ಆಧಾರ ಸಿಗುತ್ತದೆ.

ನಿಮ್ಮ ವ್ಯಾಪಾರಕ್ಕೆ ನಿಜವಾದ ಅಪಾಯ ಬೇರೆ ಕಡೆಯಿಂದ ಬರಬಹುದು, ಅದು ಕಾಮಗಾರಿಯ ಅವಧಿ. ಬಸವನಗುಡಿಯ ಗಾಂಧಿ ಬಜಾರ್ ಮುಖ್ಯರಸ್ತೆಯ ಮರುವಿನ್ಯಾಸದ ಸಂದರ್ಭದಲ್ಲಿ ವರ್ತಕರು ನಿಲುಗಡೆಯ ಜೊತೆಗೆ ದೂರಿದ್ದು ಅಗೆದ ರಸ್ತೆ ಬಹುಕಾಲ ಹಾಗೆಯೇ ಉಳಿದದ್ದನ್ನು. ನೆಲದಡಿಯ ಒಳಚರಂಡಿ, ನೀರಿನ ಕೊಳವೆ, ವಿದ್ಯುತ್ ಕೇಬಲ್‌ಗಳ ಇಲಾಖೆಗಳು ಒಂದಕ್ಕೊಂದು ಕಾಯುತ್ತ ಕೂತರೆ ಆರು ತಿಂಗಳ ಕೆಲಸ ಎರಡು ವರ್ಷಕ್ಕೆ ಎಳೆಯುತ್ತದೆ. ಹಾಗಾಗಿ ಟೆಂಡರ್ ಕರೆಯುವ ಮೊದಲೇ ಕೇಳಬೇಕಾದ ಸಂಗತಿಗಳಿವೆ: ಬೀದಿಯನ್ನು ಒಟ್ಟಿಗೆ ಅಗೆಯದೆ ಸಣ್ಣ ಸಣ್ಣ ಭಾಗಗಳಾಗಿ ಮಾಡಬೇಕು, ಒಂದು ಭಾಗ ಮುಗಿಯದೆ ಇನ್ನೊಂದನ್ನು ಮುಟ್ಟಬಾರದು, ಅಂಗಡಿಗೆ ಹಲಗೆಯ ದಾರಿ ಸದಾ ಇರಬೇಕು, ಗಡುವು ಮೀರಿದರೆ ಗುತ್ತಿಗೆದಾರರಿಗೆ ದಂಡದ ಷರತ್ತಿರಬೇಕು. ಸರಕು ಇಳಿಸುವ ವಾಹನಗಳಿಗೆ ಬೆಳಗಿನ ನಿಗದಿತ ವೇಳೆ, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳಿಗೆ ಯಾವಾಗಲೂ ತೆರವಾದ ಪಥ, ಅಂಗಡಿಗಳ ಮೇಲಿನ ಮನೆಗಳಲ್ಲಿ ವಾಸಿಸುವವರಿಗೆ ಪಾಸು, ಇವೂ ಅಧಿಸೂಚನೆಯ ಪಠ್ಯದಲ್ಲೇ ಬರಬೇಕು. ‘ಆಮೇಲೆ ನೋಡೋಣ’ ಎಂಬ ಮಾತನ್ನು ಒಪ್ಪಬೇಡಿ.

ಪ್ರಶ್ನೆ: ಅದೇ ತರಹದ ಯೋಜನೆ ನಮ್ಮಲ್ಲೂ ಬಂದಿದೆ. ನನ್ನ ತಾಯಿ ಅದೇ ಬೀದಿಯಲ್ಲಿ ಬಹಳ ವರ್ಷಗಳಿಂದ ಹೂವು ಮಾರುತ್ತಾರೆ. ‘ಕೆಲಸ ಮುಗಿಯುವವರೆಗೆ ಬೇರೆ ಕಡೆ ಹೋಗಿ’ ಎಂದಿದ್ದಾರೆ. ಮತ್ತೆ ಅದೇ ಜಾಗ ಸಿಗುವುದೆಂದು ನಂಬುವುದು ಹೇಗೆ?

ಉತ್ತರ: ಬಾಯಿಮಾತನ್ನು ನಂಬಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಸ್ಥಳಾಂತರಕ್ಕೂ ತೆರವಿಗೂ 30 ದಿನಗಳ ಮುಂಚಿತ ನೋಟಿಸ್ ಬೇಕು, ಮತ್ತು ಸಮೀಕ್ಷೆ ಮುಗಿದು ಅರ್ಹ ವ್ಯಾಪಾರಿಗಳಿಗೆಲ್ಲ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ನಿಮ್ಮ ತಾಯಿಯವರ ಬಳಿ ವ್ಯಾಪಾರದ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಪಟ್ಟಣ ವ್ಯಾಪಾರ ಸಮಿತಿಗೆ ಅರ್ಜಿ ಕೊಡಿ. ಈ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಹೊಸ ವಿನ್ಯಾಸದಲ್ಲಿ ಮಾರಾಟದ ಕಟ್ಟೆಗಳನ್ನು ಎಲ್ಲಿ ಗುರುತಿಸಲಾಗಿದೆ, ಯಾವ ಸಂಖ್ಯೆ ಯಾರಿಗೆ ಎಂಬ ಪಟ್ಟಿಯನ್ನು ಸಮಿತಿಯ ನಡವಳಿಯಲ್ಲಿ ದಾಖಲಿಸಿ ಪ್ರತಿ ಕೊಡುವಂತೆ ಕೇಳಿ. ನಕ್ಷೆಯಲ್ಲಿ ಕಟ್ಟೆಯೇ ಇಲ್ಲದಿದ್ದರೆ, ಕೆಲಸ ಮುಗಿದ ಮೇಲೆ ಜಾಗ ಎಲ್ಲಿಂದ ಬರಬೇಕು? ಈಗ ಕೂರುವ ಸ್ಥಳದ ಚಿತ್ರಗಳನ್ನು, ಹಿಂದೆ ಕಟ್ಟಿದ ಸುಂಕದ ಚೀಟಿಗಳಿದ್ದರೆ ಅವನ್ನೂ ಜೋಪಾನವಾಗಿಡಿ.

ಪ್ರಶ್ನೆ: ನಮ್ಮ ರಸ್ತೆಯನ್ನು ಏಕಮುಖ ಸಂಚಾರಕ್ಕೆ ಬದಲಿಸುವರಂತೆ. ನನಗೆ ಎಪ್ಪತ್ತು ದಾಟಿದೆ. ಬಸ್ ನಿಲ್ದಾಣ ಮುಂದಿನ ರಸ್ತೆಗೆ ಹೋಗುತ್ತದೆ, ವಾಹನಗಳ ವೇಗವೂ ಹೆಚ್ಚುತ್ತದೆ ಎಂಬ ಆತಂಕ. ನಡೆಯುವವರ ಮಾತನ್ನು ಕೇಳುವವರು ಯಾರು?

ಉತ್ತರ: ನಿಮ್ಮ ಆತಂಕ ಸಕಾರಣವಾದದ್ದು. ಎದುರಿನಿಂದ ವಾಹನ ಬರುವುದಿಲ್ಲವೆಂಬ ಧೈರ್ಯದಲ್ಲಿ ಚಾಲಕರು ವೇಗ ಹೆಚ್ಚಿಸುವುದು ಸಹಜ. ಏಕಮುಖ ಸಂಚಾರದ ಲಾಭವೆಲ್ಲ ವಾಹನದವರಿಗೆ, ಸುತ್ತು ಹಾದಿ ನಡೆಯುವವರಿಗೆ ಎಂಬಂತಾಗುತ್ತದೆ. ಇದೂ ಮೇಲೆ ಹೇಳಿದ 115ನೇ ಪ್ರಕರಣದಡಿಯೇ ಆಗಬೇಕಾದ್ದರಿಂದ ಪ್ರಾಯೋಗಿಕ ಅವಧಿಯಲ್ಲೇ ಸಂಚಾರ ಪೊಲೀಸ್ ವಿಭಾಗಕ್ಕೆ ಆಕ್ಷೇಪ ಬರೆಯಬಹುದು. ಮೂರು ಸಂಗತಿಗಳನ್ನು ಕೇಳಿ: ಬಸ್ಸುಗಳಿಗೆ ಮಾತ್ರ ಎರಡೂ ದಿಕ್ಕಿನ ಪಥ, ನಿಲ್ದಾಣದ ಬಳಿಯೇ ರಸ್ತೆ ದಾಟುವ ಸ್ಥಳ, ಮತ್ತು ಉಳಿದ ಅಗಲದಲ್ಲಿ ನಡೆದಾಡಲು ಜಾಗ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಪಾದಚಾರಿ ಮಾರ್ಗದಲ್ಲಿ ಕಂಬ, ಟ್ರಾನ್ಸ್‌ಫಾರ್ಮರ್, ಮರಗಳನ್ನು ಬಿಟ್ಟು ಕನಿಷ್ಠ 1.8 ಮೀಟರ್ ತೆರವಾದ ಅಗಲ ಇರಬೇಕು. ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವುದು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅಂಗವಿಕಲರಿಗೂ ಅದು ಬಳಕೆಗೆ ಯೋಗ್ಯವಾಗಿರಬೇಕೆಂದು ಸೇರಿಸಿದೆ.

ವಾರ್ಡ್ ಸಮಿತಿ ಸಭೆ ನಡೆಯುವ ಊರಾದರೆ ಅಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ. ಚುನಾಯಿತ ಸದಸ್ಯರೇ ಇಲ್ಲದ ಊರಾದರೆ ನೇರವಾಗಿ ಆಡಳಿತಾಧಿಕಾರಿಗಳಿಗೆ ಬರೆಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದ ಮೇಲೆ, ಬೀದಿಯ ಅಹವಾಲು ಹೇಳಿಕೊಳ್ಳಲು ಹತ್ತಿರದ ಜನಪ್ರತಿನಿಧಿ ಎಂದರೆ ಶಾಸಕರೇ ಎಂಬಂತಾಗಿ, ಮೋರಿಯಿಂದ ಮೇಲ್ಸೇತುವೆಯವರೆಗೆ ಎಲ್ಲವೂ ಒಂದೇ ಬಾಗಿಲಿಗೆ ಹೋಗಿ ನಿಂತವು.

ಪ್ರಶ್ನೆ: ಮುಖ್ಯರಸ್ತೆಯ ದಟ್ಟಣೆ ತಪ್ಪಿಸಿಕೊಳ್ಳಲು ವಾಹನಗಳೆಲ್ಲ ನಮ್ಮ ಬಡಾವಣೆಯ ಒಳರಸ್ತೆಗೆ ನುಗ್ಗುತ್ತಿವೆ. ಸಂಘದಿಂದ ಗೇಟು ಹಾಕಿ, ರಾತ್ರಿ ಹೊರಗಿನವರಿಗೆ ಪ್ರವೇಶ ನಿಲ್ಲಿಸಲು ತೀರ್ಮಾನಿಸಿದ್ದೇವೆ. ತೊಂದರೆ ಇದೆಯೇ?

ಉತ್ತರ: ಇದೆ. ಬಡಾವಣೆಗೆ ಅನುಮೋದನೆ ಪಡೆಯುವಾಗ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರೆ ಅವು ಸಾರ್ವಜನಿಕ ರಸ್ತೆಗಳು. ಸಂಘಕ್ಕೆ ಅಲ್ಲಿ ಗೇಟು ಹಾಕುವ ಅಧಿಕಾರವಿಲ್ಲ, ಸರ್ವಸದಸ್ಯರ ಸಭೆಯಲ್ಲಿ ಒಮ್ಮತದ ನಿರ್ಣಯವಾದರೂ ಇಲ್ಲ. ನಿಮ್ಮ ತೊಂದರೆ ನಿಜವಾದದ್ದೇ, ಅದಕ್ಕೆ ಪರಿಹಾರ ಬೇರೆ. ಭಾರಿ ವಾಹನಗಳ ನಿಷೇಧಕ್ಕೆ ಸಂಚಾರ ಪೊಲೀಸರನ್ನು ಕೇಳಿ. ವೇಗ ತಗ್ಗಿಸಲು ರಸ್ತೆ ಉಬ್ಬುಗಳನ್ನು ಕೇಳಿ. ಉಬ್ಬುಗಳನ್ನು ಮಾತ್ರ ನೀವೇ ಜಲ್ಲಿ ಸಿಮೆಂಟು ಸುರಿದು ಮಾಡಿಸಬೇಡಿ. ಮಾನದಂಡದ ಪ್ರಕಾರ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಇಳಿಸುವ ಉಬ್ಬು 3.7 ಮೀಟರ್ ಉದ್ದಕ್ಕೆ ಹರಡಿ, ನಡುವೆ 10 ಸೆಂಟಿಮೀಟರ್ ಎತ್ತರವಿರಬೇಕು. ನಮ್ಮ ಬಡಾವಣೆಗಳಲ್ಲಿ ಕಾಣುವ, ಒಂದೂವರೆ ಅಡಿ ಉದ್ದಕ್ಕಷ್ಟೇ ಹರಡಿದ ಗುಡ್ಡೆಗಳು ಬೆನ್ನುನೋವಿನವರಿಗೂ ಗರ್ಭಿಣಿಯರಿಗೂ ಶಿಕ್ಷೆ ಕೊಡುತ್ತವೆ, ರಾತ್ರಿ ಬಣ್ಣ ಕಾಣದೆ ದ್ವಿಚಕ್ರ ಸವಾರರನ್ನು ಬೀಳಿಸುತ್ತವೆ. ಅಂಥ ಉಬ್ಬಿನಿಂದ ಅಪಘಾತವಾದರೆ ಅದನ್ನು ಹಾಕಿಸಿದವರ ಹೆಸರು ಪೊಲೀಸ್ ದೂರಿನಲ್ಲಿ ಬರುವ ಸಾಧ್ಯತೆಯೂ ಇದೆ. ಗೇಟಿಗೆಂದು ಕೂಡಿಸಿದ ಹಣವಿದ್ದರೆ ಅದನ್ನು ಒಳರಸ್ತೆಯ ವಾಹನ ಗಣತಿಗೆ ಬಳಸಿ, ಆ ಲೆಕ್ಕವನ್ನು ಮನವಿಯೊಡನೆ ಲಗತ್ತಿಸಿ.